ಶೂನ್ಯ ಬಿಲ್ಲು, ಶೂನ್ಯವಲ್ಲದ ಹೊಗೆ

ಹಿಂದೆ ಒಲೆಯ ಹೊಗೆ ಉರಿಸಿದವರ ಕಣ್ಣಿಗೇ ತಾಗುತ್ತಿತ್ತು. ಇಂದು ಸ್ವಿಚ್ಚು ಒತ್ತುವುದು ಒಂದೆಡೆ, ಹೊಗೆ ಏಳುವುದು ಇನ್ನೊಂದೆಡೆ. ಆದುದರಿಂದಲೇ ವಿದ್ಯುತ್ತು ನಿರ್ಮಲವೆಂಬ ಭ್ರಮೆ ನಮ್ಮಲ್ಲಿ ಬೇರೂರಿದೆ.

ವಸ್ತುಸ್ಥಿತಿ ಹಾಗಿಲ್ಲ. ರಾಯಚೂರು, ಬಳ್ಳಾರಿಗಳ ಸ್ಥಾವರಗಳು ಕಲ್ಲಿದ್ದಲನ್ನು ಉರಿಸುತ್ತವೆ. ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವಾಟ್ ಸ್ಥಾವರವಂತೂ ಆಮದು ಕಲ್ಲಿದ್ದಲನ್ನೇ ನೆಚ್ಚಿ ನಿರ್ಮಿತವಾದುದು. ಜಲ, ಗಾಳಿ, ಬಿಸಿಲುಗಳ ಪಾಲನ್ನು ಸೇರಿಸಿ ಲೆಕ್ಕಹಾಕಿದರೂ, ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ವಾಯುಮಂಡಲವನ್ನು ಸೇರುತ್ತದೆ. ಆಮದಾದ ಕಲ್ಲಿದ್ದಲಿಗೆ ನಾಡಿನ ಹಣವೂ ಹೊರಗೆ ಹರಿಯುತ್ತದೆ.

2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್‌ವರೆಗೆ ಗೃಹಬಳಕೆಯ ವಿದ್ಯುತ್ತನ್ನು ಉಚಿತವಾಗಿಸಿತು. ಬಡ ಕುಟುಂಬಗಳಿಗೆ ಅದು ದೊಡ್ಡ ಆಸರೆ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಬಿಲ್ಲು ಶೂನ್ಯವಾದ ಮಾತ್ರಕ್ಕೆ ಹೊಗೆ ಶೂನ್ಯವಾಗದು. ನಾವು ತೆರದ ಬೆಲೆಯನ್ನು ಸರಕಾರದ ಬೊಕ್ಕಸ ತೆರುತ್ತದೆ. ಅದು ತೆರಲಾಗದ ಬೆಲೆಯನ್ನು ಮುಂದಿನ ಪೀಳಿಗೆ ತೆರುತ್ತದೆ.

'ನಮ್ಮೊಂದು ಮನೆಯಿಂದ ಏನಾದೀತು?' ಎಂಬ ಪ್ರಶ್ನೆ ಸಹಜವಾದುದೇ. 60 ವಾಟ್‌ನ ಹಳೆಯ ಬಲ್ಬಿನ ಸ್ಥಾನದಲ್ಲಿ 9 ವಾಟ್‌ನ ಎಲ್‌ಇಡಿ ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ 93 ಯೂನಿಟ್ ಉಳಿಯುತ್ತದೆ. ಅಂದರೆ ಸುಮಾರು 65 ಕಿಲೋ ಇಂಗಾಲದ ಡೈಆಕ್ಸೈಡ್. ಇದು ಒಂದೇ ದೀಪದ ಲೆಕ್ಕ. 2015ರ ಉಜಾಲಾ ಯೋಜನೆಯಡಿ ಕೋಟಿಗಟ್ಟಲೆ ಮನೆಗಳು ಈ ಬಲ್ಬನ್ನು ಕೊಂಡವು. 2014ರಲ್ಲಿ 310 ರೂಪಾಯಿಯಿದ್ದ ಸಗಟು ಖರೀದಿ ದರ ಕೆಲವೇ ವರ್ಷಗಳಲ್ಲಿ 40 ರೂಪಾಯಿಗಿಂತ ಕೆಳಗಿಳಿಯಿತು. ಮನೆಗಳ ಆಯ್ಕೆ ಒಗ್ಗೂಡಿದರೆ ಮಾರುಕಟ್ಟೆಯೂ ಬಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

'ಎಲ್ಲರೂ ಖರ್ಚು ತಗ್ಗಿಸಿದರೆ ವ್ಯಾಪಾರ ಕುಸಿಯದೇ?' ಎಂದು ಕೇಳುವವರೂ ಉಂಟು. ಉಳಿದ ಹಣ ಎಲ್ಲಿಗೂ ಮಾಯವಾಗುವುದಿಲ್ಲ. ಅದು ದರ್ಜಿಗೆ, ಬಡಗಿಗೆ, ಮಿಕ್ಸಿ ದುರಸ್ತಿ ಮಾಡುವವನಿಗೆ, ಊರಿನ ತರಕಾರಿ ಬೆಳೆಗಾರನಿಗೆ ಸಂದರೆ ಕೂಲಿಯಾಗುತ್ತದೆ, ಅನ್ನವಾಗುತ್ತದೆ. ಅದೇ ಹಣದಲ್ಲಿ ಎರಡನೆಯ ಏಸಿ ಕೊಂಡರೆ, ಮುಂಬಾಗಿಲಿನಿಂದ ಹೊರಗಟ್ಟಿದ ಹೊಗೆಯನ್ನು ಹಿತ್ತಿಲ ಬಾಗಿಲಿನಿಂದ ಬರಮಾಡಿಕೊಂಡಂತೆ. ಆದುದರಿಂದ ಎಷ್ಟು ಉಳಿಸಿದೆವು ಎಂಬಷ್ಟೇ, ಉಳಿದುದನ್ನು ಎತ್ತ ಹರಿಸಿದೆವು ಎಂಬುದೂ ಮುಖ್ಯ.

ಸಂತ ತೋಮಸ್ ಅಕ್ವಿನಾಸ್ ಸಂಯಮವನ್ನು ಪ್ರಧಾನ ಸದ್ಗುಣಗಳ ಸಾಲಿನಲ್ಲಿಟ್ಟರು. ಸಂಯಮವೆಂದರೆ ಜಿಪುಣತನವಲ್ಲ; ಬಯಕೆಯು ವಿವೇಕಕ್ಕೆ ತಲೆಬಾಗುವುದು. ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ ಏಸಿಗಳ ಹೆಚ್ಚುತ್ತಿರುವ ಬಳಕೆಯನ್ನೇ ಉದಾಹರಣೆಯಾಗಿ ಎತ್ತಿಕೊಂಡಿರುವುದು ಗಮನಾರ್ಹ.

ಕರಾವಳಿಯ ಸೆಕೆಯಲ್ಲಿ ರೋಗಿಗಳಿಗೂ ವೃದ್ಧರಿಗೂ ಏಸಿ ಬೇಡವೆಂದು ನಾವು ಹೇಳಲಾರೆವು. 18ರ ಬದಲು 24 ಡಿಗ್ರಿಯಲ್ಲಿಡಿ ಎನ್ನುತ್ತೇವೆ. ಒಂದೊಂದು ಡಿಗ್ರಿ ಹೆಚ್ಚಿಸಿದಾಗಲೂ ವಿದ್ಯುತ್ ಬಳಕೆ ಸುಮಾರು ಶೇ. 6ರಷ್ಟು ತಗ್ಗುತ್ತದೆ. ಸಂಜೆಯ ಜಪಮಾಲೆಗೆ ಮನೆಮಂದಿಯೆಲ್ಲ ಒಂದೆಡೆ ಸೇರುವಾಗ ಉಳಿದ ಕೋಣೆಗಳ ದೀಪ, ಫ್ಯಾನುಗಳನ್ನು ಆರಿಸುವ ಹೊಣೆಯನ್ನು ಮಕ್ಕಳಿಗೆ ವಹಿಸಿರಿ. ಸೃಷ್ಟಿಯನ್ನು ಕಾಯುವ ಪಾಠ ಅಲ್ಲಿಂದಲೇ ಆರಂಭವಾಗಲಿ.