ಚಳಿಗಾಲದ ತಯಾರಿ: ಟೈರಿನ ಮೈಮೇಲೆ ಏನು ಬರೆದಿದೆ?



ಅಕ್ಟೋಬರ್ ಬಂತೆಂದರೆ ನಮಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. "ಅಣ್ಣಾ, ಪಿಕಪ್ ತಗೊಂಡಿದೀನಿ. ಆಲ್-ಟೆರೇನ್ ಟೈರ್ ಇದೆ, ಫೋರ್ ಬೈ ಫೋರ್ ಬೇರೆ. ವಿಂಟರ್ ಟೈರ್ ಹಾಕಿಸಲೇಬೇಕಾ, ಇದೇ ಸಾಕಾ?" ಕೇಳುವವರು ಹೆಚ್ಚಾಗಿ ಈ ದೇಶಕ್ಕೆ ಬಂದು ಒಂದೆರಡು ವರ್ಷವಾದವರು. ಪ್ರಶ್ನೆಯ ಹಿಂದೆ ಇರುವುದು ದುಡ್ಡಿನ ಲೆಕ್ಕ ಅಂತ ನಮಗೂ ಗೊತ್ತು. ಊರಿಗೆ ಕಳಿಸಬೇಕು, ಬಾಡಿಗೆ ಕಟ್ಟಬೇಕು, ಇನ್ಶೂರೆನ್ಸ್ ಕಟ್ಟಬೇಕು. ಅದರ ಮೇಲೆ ಟೈರ್. ನಾವೂ ಅದೇ ಲೆಕ್ಕ ಹಾಕಿದವರೇ. ಅದಕ್ಕೇ ಉತ್ತರ ಕೊಡುವ ಮೊದಲು ನಮ್ಮ ಲೆಕ್ಕ ತಪ್ಪಿದ ಕಥೆ ಹೇಳಿಬಿಡುತ್ತೇವೆ.

ಆಗ ಎಡ್ಮಂಟನ್ನಿನ ದಕ್ಷಿಣಕ್ಕೆ ಒಂದೇ ಬೇಸ್‌ಮೆಂಟಿನಲ್ಲಿ ನಾವು ನಾಲ್ವರು ಇದ್ದೆವು. ನಾಲ್ವರಿಗೂ ಕೆಲಸ ನಿಸ್ಕು ಕೈಗಾರಿಕಾ ಪ್ರದೇಶದಲ್ಲಿ. ದುಡ್ಡು ಕೂಡಿಸಿ ಹಳೆಯ ಹಾಫ್-ಟನ್ ಪಿಕಪ್ ಒಂದನ್ನು ಕೊಂಡೆವು. ಅದರ ಟೈರ್ ನೋಡಿಯೇ ನಮಗೆ ಅರ್ಧ ಮನಸ್ಸಾಗಿತ್ತು. ದಪ್ಪ ದಪ್ಪ ಕಟ್ಟೆಗಳು, ಆಳವಾದ ಗ್ರಿಪ್, ಬದಿಯಲ್ಲಿ ದೊಡ್ಡ ಬಿಳಿ ಅಕ್ಷರ. "ಇದು ಟ್ರ್ಯಾಕ್ಟರ್ ಇದ್ದಂಗೈತಲ್ಲೋ, ಸ್ನೋ ಏನ್ ಮಾಡುತ್ತೆ?" ಎಂದ ನಮ್ಮ ದಾವಣಗೆರೆಯ ಗೆಳೆಯ.

ನವೆಂಬರ್ ಮೊದಲ ವಾರ. ಹಿಂದಿನ ದಿನ ಬಿದ್ದ ಹಿಮ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿತ್ತು. ಬೆಳಿಗ್ಗೆ ಆರರ ಹೊತ್ತಿಗೆ ಮೈನಸ್ ಮೂರು ಡಿಗ್ರಿ, ಅಂಥ ಚಳಿಯೇನಲ್ಲ. ಓಡಿಸುತ್ತಿದ್ದವನು ಹಾಸನದವನು, ಶಿರಾಡಿ ಘಾಟಿಯ ಮಳೆಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದ ಕೈ. ಹೈವೇ 2ರಿಂದ ಇಳಿಯುವ ರ್‍ಯಾಂಪಿನಲ್ಲಿ ಬ್ರೇಕ್ ಒತ್ತಿದ. ಕಾಲ ಕೆಳಗೆ ಎಬಿಎಸ್ ಕಟಕಟ ಅಂದಿತೇ ಹೊರತು ಗಾಡಿ ನಿಲ್ಲಲಿಲ್ಲ. ಕೆಂಪು ದೀಪ ದಾಟಿ, ಗೆರೆ ದಾಟಿ, ಅಡ್ಡರಸ್ತೆಯ ನಡುವೆ ಹೋಗಿ ನಿಂತೆವು. ಜಲ್ಲಿ ತುಂಬಿದ ಟ್ರಕ್ಕೊಂದು ಹಾರ್ನ್ ಬಾರಿಸುತ್ತಾ ಒಂದು ಮಾರು ಅಂತರದಲ್ಲಿ ನಮ್ಮ ಮುಂದೆ ಹಾದುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ದಿನ ಮಧ್ಯಾಹ್ನದ ಡಬ್ಬಿ ಯಾರೂ ಬಿಚ್ಚಲಿಲ್ಲ. ಭಾನುವಾರ ಊರಿಂದ ಫೋನ್ ಬಂದಾಗ "ಚಳಿ ಹೇಗಿದೆಯಪ್ಪಾ?" ಅಂದರೆ "ಪರವಾಗಿಲ್ಲಮ್ಮ" ಅಂದೆವು. ಅಷ್ಟೇ.

ಸಂಜೆ ಟೈರ್ ಅಂಗಡಿಗೆ ಹೋದೆವು. ಅಲ್ಲಿನ ಹಿರಿಯರು ಪಂಜಾಬಿನವರು, ಎಲ್ಲರೂ ಅಂಕಲ್‌ಜೀ ಅಂತಾರೆ. ಟಾರ್ಚ್ ಹಿಡಿದು ಒಂದು ಸುತ್ತು ನೋಡಿ ಕೇಳಿದರು: "ಬೇಟಾ, ಟೈರ್ ಓದಿ ತಗೊಂಡ್ರಾ, ನೋಡಿ ತಗೊಂಡ್ರಾ?"

ನಾವು ನೋಡಿ ತಗೊಂಡಿದ್ದೆವು.

ಓದಬೇಕಾದದ್ದು ಏನು?

ಅವರು ಮೊದಲು ತೋರಿಸಿದ್ದು ಎಂ ಪ್ಲಸ್ ಎಸ್ ಎಂಬ ಗುರುತು. ಮಡ್ ಮತ್ತು ಸ್ನೋ ಎಂದರ್ಥ. ಇದು ಟೈರಿನ ಮೇಲಿನ ಕಾಲುವೆಗಳ ವಿನ್ಯಾಸ ನೋಡಿ ತಯಾರಕರೇ ಹಾಕುವ ಗುರುತು. ಇದಕ್ಕಾಗಿ ಹಿಮದ ಮೇಲೆ ಪರೀಕ್ಷೆ ಕೊಡಬೇಕಾಗಿಲ್ಲ. ನಮ್ಮ ಟೈರಿನಲ್ಲಿ ಇದ್ದದ್ದು ಇದೊಂದೇ.

ಇರಬೇಕಾದದ್ದು ಇನ್ನೊಂದು ಚಿತ್ರ: ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು. ಇದನ್ನು ಹಾಕಬೇಕಾದರೆ ಟೈರು ಹಿಮದ ಮೇಲಿನ ಪರೀಕ್ಷೆಯಲ್ಲಿ ಪಾಸಾಗಿರಬೇಕು. ಮಾದರಿ ಟೈರಿಗಿಂತ ಕನಿಷ್ಠ ಶೇ. 10ರಷ್ಟು ಹೆಚ್ಚು ಎಳೆತ ತೋರಿಸಿರಬೇಕು. ಇವತ್ತು ಬಿಎಫ್‌ಗುಡ್ರಿಚ್ ಕೆಓ2, ಫಾಲ್ಕನ್ ವೈಲ್ಡ್‌ಪೀಕ್ ಎಟಿ3ಡಬ್ಲ್ಯೂ, ಟೊಯೊ ಓಪನ್ ಕಂಟ್ರಿ ಎ/ಟಿ 3 ಮುಂತಾದ ಹಲವು ಆಲ್-ಟೆರೇನ್ ಟೈರುಗಳಿಗೆ ಈ ಗುರುತಿದೆ. ಆದರೂ ಹೆಸರು ಕೇಳಿ ಕೊಳ್ಳಬೇಡಿ. ನಿಮ್ಮ ಸೈಜಿನ ಟೈರಿನ ಮೈಮೇಲೆ ಚಿತ್ರ ಇದೆಯಾ ಅಂತ ಕಣ್ಣಾರೆ ನೋಡಿ.

ಇಲ್ಲೊಂದು ಸೂಕ್ಷ್ಮ ಇದೆ. ಆ ಪರೀಕ್ಷೆ ನಡೆಯುವುದು ಹದವಾಗಿ ಒತ್ತಿದ ಹಿಮದ ಮೇಲೆ, ಅಳೆಯುವುದು ಗಾಡಿ ಮುಂದಕ್ಕೆ ಹೋಗುವಾಗಿನ ಹಿಡಿತವನ್ನು. ಐಸ್ ಮೇಲೆ ಗಾಡಿ ಹೇಗೆ ನಿಲ್ಲುತ್ತದೆ ಎಂಬುದನ್ನಲ್ಲ. ಅಂದರೆ ಹಿಮದ ಹರಳಿನ ಗುರುತಿರುವ ಎರಡು ಟೈರುಗಳು ಐಸ್ ಮೇಲೆ ಒಂದೇ ತರಹ ನಿಲ್ಲುತ್ತವೆ ಅಂತೇನಿಲ್ಲ.

ಮೂರನೆಯದು ಹುಟ್ಟಿದ ದಿನ. ಡಿ.ಓ.ಟಿ. ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 3523 ಅಂತ ಇದ್ದರೆ 2023ರ 35ನೇ ವಾರದಲ್ಲಿ ತಯಾರಾದದ್ದು. ನಮ್ಮ ಟೈರಿಗೆ ಆಗಲೇ ಎಂಟು ವರ್ಷವಾಗಿತ್ತು. ಗ್ರಿಪ್ ಆಳವಾಗಿಯೇ ಇತ್ತು, ಆದರೆ ರಬ್ಬರ್ ಒಣಗಿ ಗಟ್ಟಿಯಾಗಿತ್ತು. ಅಂಕಲ್‌ಜೀ ಉಗುರಿನಿಂದ ಒತ್ತಿ ತೋರಿಸಿದರು, ಗುರುತೇ ಬೀಳಲಿಲ್ಲ.

ದಪ್ಪ ಟೈರ್ ಯಾಕೆ ಜಾರಿತು?

ನಮ್ಮ ಊರಿನ ತಿಳಿವಳಿಕೆ ಏನು? ಟೈರ್ ಬೋಳಾಗಿದ್ದರೆ ಜಾರುತ್ತದೆ, ಗ್ರಿಪ್ ಇದ್ದರೆ ಹಿಡಿಯುತ್ತದೆ. ಕೆಸರಿಗೆ, ಆಳವಾದ ಹಿಮಕ್ಕೆ ಇದು ಸರಿ. ದೊಡ್ಡ ಕಟ್ಟೆಗಳ ಸಂದಿಯಲ್ಲಿ ಹಿಮ ತುಂಬಿಕೊಂಡು, ಹಿಮವೇ ಹಿಮವನ್ನು ಹಿಡಿಯುತ್ತದೆ. ಆದರೆ ಐಸ್ ಮೇಲೆ ಅಗೆಯುವುದಕ್ಕೆ ಏನೂ ಇಲ್ಲ. ಅಲ್ಲಿ ಕೆಲಸ ಮಾಡುವುದು ಎರಡೇ: ಚಳಿಯಲ್ಲೂ ಮೆತ್ತಗೆ ಉಳಿಯುವ ರಬ್ಬರ್, ಮತ್ತು ಕಟ್ಟೆಗಳ ಮೇಲೆ ಕೂದಲೆಳೆಯಂತೆ ಕೊಯ್ದ ನೂರಾರು ಸಣ್ಣ ಸೀಳುಗಳು.

ಸಾಮಾನ್ಯ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಬಿಗಿಯಾಗತೊಡಗುತ್ತದೆ. ಆಲ್-ಟೆರೇನ್ ರಬ್ಬರ್ ಬೇಸಿಗೆಯ ಕಾದ ರಸ್ತೆಯನ್ನೂ, ಚೂಪು ಜಲ್ಲಿಯನ್ನೂ ತಡೆಯಬೇಕು; ಹಾಗಾಗಿ ಅದನ್ನು ತೀರಾ ಮೆತ್ತಗೆ ಮಾಡಲಾಗುವುದಿಲ್ಲ. ಚಳಿಗಾಲಕ್ಕೆಂದೇ ಮಾಡಿದ ಟೈರಿಗೆ ಆ ಕಟ್ಟುಪಾಡಿಲ್ಲ. ಬದಲಿಗೆ ಅದನ್ನು ಜುಲೈನಲ್ಲಿ ಓಡಿಸಿದರೆ ಬೇಗ ಸವೆದುಹೋಗುತ್ತದೆ.

ಇನ್ನೊಂದು ಮಾತು. ಐಸ್ ಅತಿ ಹೆಚ್ಚು ಜಾರುವುದು ಮೈನಸ್ ಮೂವತ್ತರಲ್ಲಲ್ಲ, ಸೊನ್ನೆಯ ಆಸುಪಾಸಿನಲ್ಲಿ. ಆಗ ಐಸ್ ಮೇಲೆ ತೆಳುವಾದ ನೀರಿನ ಪದರ ಇರುತ್ತದೆ. "ಇನ್ನೂ ಚಳಿ ಬಂದಿಲ್ಲ, ಡಿಸೆಂಬರಿನಲ್ಲಿ ಹಾಕಿಸೋಣ" ಅನ್ನುವವರು ಇದನ್ನು ನೆನಪಿಡಿ.

ಫೋರ್ ಬೈ ಫೋರ್ ವಿಷಯಕ್ಕೆ ಬಂದರೆ, ಅದು ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ. ಬ್ರೇಕ್ ಎಲ್ಲ ಗಾಡಿಗಳಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ಲೆಕ್ಕ ನೋಡಿ: ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ಡಾಂಬರಿನ ಮೇಲೆ ಸುಮಾರು 15 ಮೀಟರಿನಲ್ಲಿ ನಿಲ್ಲಬಹುದು. ಹಿಡಿತ ಏಳರಲ್ಲೊಂದು ಪಾಲಿಗೆ ಇಳಿದರೆ ಅದೇ ಗಾಡಿಗೆ 100 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು.

ಹಾಗಾದರೆ ಯಾವುದು ಹಾಕಿಸಬೇಕು?

ನೀವು ಯಾವ ರಸ್ತೆಯಲ್ಲಿ ದಿನಾ ಓಡಾಡುತ್ತೀರಿ ಎಂಬುದರ ಮೇಲೆ ನಿರ್ಧರಿಸಿ, ಗಾಡಿಯ ಅಂದದ ಮೇಲಲ್ಲ.

ದಿನವೂ ಹೈವೇ, ಪಟ್ಟಣದ ಸಿಗ್ನಲ್, ವಾಹನ ಓಡಾಡಿ ನುಣುಪಾದ ರಸ್ತೆ: ಇಂಥವರಿಗೆ ಚಳಿಗಾಲಕ್ಕೆ ವಿಂಟರ್ ಟೈರಿನ ಬೇರೆ ಸೆಟ್, ಬೇಸಿಗೆಗೆ ಮಾಮೂಲಿ ಸೆಟ್. ನಾವು ಆರಿಸಿಕೊಂಡದ್ದು ಇದನ್ನೇ.

ವರ್ಷವಿಡೀ ಜಲ್ಲಿ ರಸ್ತೆ, ಎಣ್ಣೆ ಬಾವಿಗಳ ಕಚ್ಚಾ ದಾರಿ, ನಡುವೆ ಹೈವೇ: ಇಂಥವರಿಗೆ ಹಿಮದ ಹರಳಿನ ಗುರುತಿರುವ ಆಲ್-ಟೆರೇನ್ ಅರ್ಥಪೂರ್ಣ. ಬದಿ ಹರಿಯುವುದು ಕಡಿಮೆ, ಉತ್ತರದ ಆಳ ಹಿಮದಲ್ಲೂ ಎಳೆಯುತ್ತದೆ. ಫೋರ್ಟ್ ಮೆಕ್‌ಮರ‍್ರೆ ಕಡೆ ಕೆಲಸಕ್ಕೆ ಹೋಗುವ ನಮ್ಮ ಗೆಳೆಯ ಇದನ್ನೇ ಹಾಕಿಸಿದ್ದಾನೆ. ಹೈವೇ 63 ಈಗ 2016ರಿಂದ ಜೋಡಿ ರಸ್ತೆಯಾಗಿದೆ, ಎದುರಿನ ಗಾಡಿಯ ಭಯ ಕಡಿಮೆಯಾಗಿದೆ. ಐಸ್ ಭಯ ಹಾಗೇ ಇದೆ. ಆದ್ದರಿಂದ ಅವನು ಐಸ್ ಇದ್ದ ದಿನ ವೇಗ ಇಳಿಸುತ್ತಾನೆ. ಆಲ್-ಟೆರೇನ್ ಹಾಕಿಸಿದವರು ಈ ಕರಾರಿಗೆ ಒಪ್ಪಲೇಬೇಕು. ಹೈವೇಯಲ್ಲಿ ಸದ್ದು ಮತ್ತು ಪೆಟ್ರೋಲ್ ಖರ್ಚು ಸ್ವಲ್ಪ ಹೆಚ್ಚು ಎಂಬುದೂ ಲೆಕ್ಕದಲ್ಲಿರಲಿ.

ಬರೀ ಎಂ ಪ್ಲಸ್ ಎಸ್ ಇರುವ ಹಳೆಯ ಆಲ್-ಟೆರೇನ್: ಚಳಿಗಾಲಕ್ಕೆ ಬೇಡ.

ಅಂಗಡಿಯಲ್ಲಿ "ಎಲ್.ಟಿ. ಬೇಕಾ, ಮಾಮೂಲಿ ಬೇಕಾ" ಅಂತಲೂ ಕೇಳುತ್ತಾರೆ. ಎಲ್.ಟಿ. ಅಂದರೆ ಭಾರ ಹೊರಲು ಕಟ್ಟಿದ ಗಟ್ಟಿ ಟೈರ್. ವೆಲ್ಡಿಂಗ್ ಮಷೀನ್, ಟ್ರೇಲರ್ ಎಳೆಯುವವರಿಗೆ ಅದು ಬೇಕು. ನಾಲ್ಕು ಜನ, ನಾಲ್ಕು ಊಟದ ಡಬ್ಬಿ ಹೊರುವ ಹಾಫ್-ಟನ್ ಪಿಕಪ್ಪಿಗೆ ಬೇಡ. ತೂಕ ಹೆಚ್ಚು, ಬಿಗಿ ಹೆಚ್ಚು. ಚಾಲಕನ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಸೈಜ್ ಮತ್ತು ಗಾಳಿಯ ಒತ್ತಡ ಬರೆದಿರುತ್ತದೆ. ಮಾಮೂಲಿ ಟೈರ್ ಇದ್ದ ಗಾಡಿಗೆ ಎಲ್.ಟಿ. ಹಾಕಿಸಿದರೆ ಅದೇ ಭಾರಕ್ಕೆ ಗಾಳಿ ಜಾಸ್ತಿ ಬೇಕಾಗುತ್ತದೆ. ಎಷ್ಟು ಅಂತ ಅಂಗಡಿಯವರನ್ನು ಕೇಳಿ ಬರೆಸಿಕೊಳ್ಳಿ.

ದುಡ್ಡಿನ ಮಾತು

ಎರಡು ಸೆಟ್ ಅಂದ ಕೂಡಲೇ ಎರಡು ಪಟ್ಟು ಖರ್ಚು ಅನಿಸುತ್ತದೆ. ನಮಗೂ ಅನಿಸಿತು. ಆದರೆ ಒಂದು ಸೆಟ್ ಓಡುವಾಗ ಇನ್ನೊಂದು ಮೂಲೆಯಲ್ಲಿ ಕೂತಿರುತ್ತದೆ, ಸವೆಯುವುದಿಲ್ಲ. ನಿಜವಾಗಿ ಹೆಚ್ಚಿನ ಖರ್ಚು ಎಂದರೆ ರಿಮ್ ಮತ್ತು ವರ್ಷಕ್ಕೆರಡು ಸಲ ಬದಲಿಸುವ ಕೂಲಿ. ಹಳೆಯ ಸ್ಟೀಲ್ ರಿಮ್ ಕೊಂಡು ಮನೆಯಲ್ಲೇ ಬದಲಿಸಿಕೊಂಡರೆ ಆ ಕೂಲಿಯೂ ಉಳಿಯುತ್ತದೆ. ಬದಲಿಸಿದ ಮೇಲೆ ನೂರು ಕಿ.ಮೀ. ಓಡಿಸಿ ನಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ವ್ರೆಂಚಿನಿಂದ ಬಿಗಿ ಮಾಡುವುದನ್ನು ಮರೆಯಬೇಡಿ.

ದುಡ್ಡು ಉಳಿಸಲು ಎರಡೇ ಟೈರ್ ಹಾಕಿಸುವ ಕೆಲಸ ಬೇಡ. ಹಾಕಿಸಿದರೆ ನಾಲ್ಕೂ ಒಂದೇ ತರಹ. ಮುಂದೆ ಒಂದು, ಹಿಂದೆ ಒಂದು ಆದರೆ ತಿರುವಿನಲ್ಲಿ ಗಾಡಿ ಜಾರಬಹುದು. ಸೆಕೆಂಡ್ ಹ್ಯಾಂಡ್ ತಗೊಂಡರೂ ತಪ್ಪಿಲ್ಲ, ಆದರೆ ಹುಟ್ಟಿದ ದಿನ ಓದಿ, ಗ್ರಿಪ್ ಅಳೆಯಿರಿ. ನಾಲ್ಕು ಮಿಲಿಮೀಟರಿಗಿಂತ ಸವೆದ ಟೈರ್ ಹಿಮದ ರಸ್ತೆಗೆ ತಕ್ಕದ್ದಲ್ಲ.

ಗಾಳಿಗೆ ಮಾತ್ರ ದುಡ್ಡೇ ಬೇಡ. ತಾಪಮಾನ ಸುಮಾರು ಐದೂವರೆ ಡಿಗ್ರಿ ಇಳಿದಂತೆಲ್ಲಾ ಒಂದು ಪಿ.ಎಸ್.ಐ. ಇಳಿಯುತ್ತದೆ. 20 ಡಿಗ್ರಿಯ ಗ್ಯಾರೇಜಿನಲ್ಲಿ ಸರಿಯಾಗಿದ್ದದ್ದು ಹೊರಗೆ ಮೈನಸ್ ಮೂವತ್ತರಲ್ಲಿ ಒಂಬತ್ತು ಕಡಿಮೆ ತೋರಿಸುತ್ತದೆ. ತಿಂಗಳಿಗೊಮ್ಮೆ, ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ ನೋಡಿ.

ಕಾನೂನು ಏನನ್ನುತ್ತದೆ?

ಆಲ್ಬರ್ಟಾದಲ್ಲಿ ವಿಂಟರ್ ಟೈರ್ ಕಡ್ಡಾಯವಲ್ಲ. ಬ್ರಿಟಿಷ್ ಕೊಲಂಬಿಯಾಕ್ಕೆ ಹೋಗುವವರು ಗಮನಿಸಿ: ಅಲ್ಲಿ ಬೋರ್ಡ್ ಹಾಕಿರುವ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ, ಕೆಲವು ಕಡೆ ಮಾರ್ಚ್ 31ರವರೆಗೆ, ಕಡ್ಡಾಯ. ಗ್ರಿಪ್ ಕನಿಷ್ಠ 3.5 ಮಿ.ಮೀ. ಇರಬೇಕು. ಅಲ್ಲಿನ ಕಾನೂನು ಎಂ ಪ್ಲಸ್ ಎಸ್ ಗುರುತನ್ನೂ ಒಪ್ಪುತ್ತದೆ. ಅಂದರೆ ನಮ್ಮನ್ನು ಜಾರಿಸಿದ ಆ ಟೈರಿಗೆ ಕೊಕಿಹಾಲ ಘಟ್ಟದಲ್ಲೂ ದಂಡ ಬೀಳುತ್ತಿರಲಿಲ್ಲ! ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ, ಬರೀ ಎಂ ಪ್ಲಸ್ ಎಸ್ ನಡೆಯುವುದಿಲ್ಲ. ಒಂಟಾರಿಯೋದ ನಮ್ಮವರು ಇನ್ಶೂರೆನ್ಸಿನವರಿಗೆ ವಿಂಟರ್ ಟೈರ್ ಹಾಕಿಸಿದ್ದೇವೆ ಅಂತ ತಿಳಿಸಿ. ಅದಕ್ಕೆ ಅಲ್ಲಿ ರಿಯಾಯಿತಿ ಉಂಟು, ಕೇಳದಿದ್ದರೆ ಯಾರೂ ತಾವಾಗಿ ಕೊಡಲಿಕ್ಕಿಲ್ಲ.

ಕೊನೆಗೆ ಒಂದು ಕೋರಿಕೆ. ಈ ಪುಟ ಓದಿ ಮುಗಿಸಿದ ಮೇಲೆ ಜಾಕೆಟ್ ಹಾಕಿಕೊಂಡು, ಮೊಬೈಲಿನ ಟಾರ್ಚ್ ಹಿಡಿದು ಹೊರಗೆ ಹೋಗಿ. ಬೆಟ್ಟದೊಳಗಿನ ಹಿಮದ ಹರಳು ಇದೆಯಾ, ಹುಟ್ಟಿದ ದಿನ ಯಾವುದು, ಗ್ರಿಪ್ ಎಷ್ಟಿದೆ, ಗಾಳಿ ಎಷ್ಟಿದೆ, ಈ ನಾಲ್ಕನ್ನು ನೋಡಿ. ಐದು ನಿಮಿಷದ ಕೆಲಸ. ನಿಮ್ಮ ಗಾಡಿಯಲ್ಲಿ ಕೂತು ಕೆಲಸಕ್ಕೆ ಬರುವ ಇನ್ನೂ ಮೂರು ಜನರ ಮನೆಯವರೂ ಭಾನುವಾರ ಫೋನಿಗೆ ಕಾಯುತ್ತಾರೆ. "ಪರವಾಗಿಲ್ಲಮ್ಮ" ಅನ್ನುವ ಮಾತು ನಿಜವೇ ಆಗಿರಲಿ.

ಮುಂದಿನ ತಿಂಗಳು ಬ್ಲಾಕ್ ಹೀಟರ್ ಮತ್ತು ಬ್ಯಾಟರಿಯ ವಿಷಯ ಮಾತಾಡೋಣ. ಅಲ್ಲಿಯವರೆಗೆ ನಿಧಾನವಾಗಿ ಓಡಿಸಿ, ಕ್ಷೇಮವಾಗಿರಿ.