ಮೀನಿನ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಕೆಲಸ

ಗೋವಾ, ರತ್ನಾಗಿರಿಯಿಂದ ಘಟ್ಟ ಹತ್ತಿ ನಿಪ್ಪಾಣಿ, ಚಿಕ್ಕೋಡಿ, ಅಥಣಿ ಮುಟ್ಟುವಷ್ಟರಲ್ಲಿ ಮೀನು ಕೆಡುವುದೇಕೆ? ತಂಪು ಕಳೆದುಕೊಂಡ ಬಂಗಡೆಯಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಉಂಟುಮಾಡುತ್ತವೆ. ಎಷ್ಟು ಕುದಿಸಿದರೂ ಅದು ಹೋಗದು. ತಿಂದವರಿಗೆ ಮೈ ಕೆಂಪೇರಿ, ತಲೆನೋವು, ವಾಂತಿ ಕಾಣಿಸಿಕೊಳ್ಳಬಹುದು.

ಇದನ್ನು ತಡೆಯುವುದು ಮಂಜುಗಡ್ಡೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಉಷ್ಣ ಬೇಕು. ಅಷ್ಟೇ ಉಷ್ಣ ಒಂದು ಗ್ರಾಂ ನೀರನ್ನು ಸೊನ್ನೆಯಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬಲ್ಲದು! ಹೊರಗಿನ ಶಾಖವನ್ನು ಮಂಜುಗಡ್ಡೆ ನುಂಗುತ್ತದೆ. ಮೀನು ತಂಪಾಗಿಯೇ ಉಳಿಯುತ್ತದೆ. ಥರ್ಮೊಕೋಲ್ ತಂಪು ಕೊಡುವುದಿಲ್ಲ, ಶಾಖ ಒಳನುಗ್ಗುವುದನ್ನು ನಿಧಾನಗೊಳಿಸುತ್ತದೆ, ಅಷ್ಟೇ.

ಆದ್ದರಿಂದ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಮೀನಿನ ಕೆಳಗೂ ಮೇಲೂ ಮಂಜುಗಡ್ಡೆ ತುಂಬಿ. ದಾರಿಯಲ್ಲಿ ಮುಚ್ಚಳ ತೆರೆಯಬೇಡಿ. ಮನೆ ಮುಟ್ಟಿದಾಗ ಮೀನಿನ ಸುತ್ತ ಮಂಜುಗಡ್ಡೆ ಉಳಿದಿದ್ದರೆ ಚಿಂತೆಯಿಲ್ಲ. ಎಲ್ಲವೂ ಕರಗಿ ನೀರು ಬೆಚ್ಚಗಾಗಿದ್ದರೆ, ಕೊಟ್ಟ ಹಣದ ಮುಖ ನೋಡದೆ ಮೀನನ್ನು ಚೆಲ್ಲಿಬಿಡಿ.