ಒಂದು ತಪ್ಪು ಗುಣಾಕಾರ

ರಾತ್ರಿ ಹಾಲು ಕುಡಿದು ಮಲಗಿದ ಕೂಸು ಬೆಳಿಗ್ಗೆ ಏಳುವುದೇ ಇಲ್ಲ. ಮರಣೋತ್ತರ ಪರೀಕ್ಷೆ ಮಾಡಿದರೂ ಕಾರಣ ಸಿಗುವುದಿಲ್ಲ. ವರ್ಷದೊಳಗಿನ ಮಕ್ಕಳ ಇಂಥ ಸಾವಿಗೆ ವೈದ್ಯರು ‘ಸಿಡ್ಸ್’ ಅಂತಾರೆ. ಜನ ಮಾತ್ರ ತಾಯಿಯ ಮುಖ ನೋಡುತ್ತಾರೆ.

ಇಂಗ್ಲೆಂಡಿನ ವಕೀಲೆ ಸ್ಯಾಲಿ ಕ್ಲಾರ್ಕ್ 1996 ಮತ್ತು 1998ರಲ್ಲಿ ಎರಡು ಗಂಡು ಕೂಸುಗಳನ್ನು ಕಳೆದುಕೊಂಡರು. 1999ರಲ್ಲಿ ಅವರಿಗೇ ಕೊಲೆಗಾಗಿ ಜೀವಾವಧಿ ಶಿಕ್ಷೆಯಾಯಿತು! ಸಿಗರೇಟು ಸೇದದ, ಸಂಬಳವಿರುವ ಮನೆಯಲ್ಲಿ ಇಂಥ ಒಂದು ಸಾವಿನ ಸಾಧ್ಯತೆ 8,543ಕ್ಕೆ ಒಂದು. ಎರಡಾದರೆ ಅದನ್ನು ಅದರಿಂದಲೇ ಗುಣಿಸಿ ಸುಮಾರು 7.3 ಕೋಟಿಗೆ ಒಂದು ಎಂದು ಮಕ್ಕಳ ತಜ್ಞ ರಾಯ್ ಮೆಡೋ ಸಾಕ್ಷಿ ಹೇಳಿದ್ದರು.

ಈ ತಪ್ಪು ಹಿಡಿಯಲು ನಾನು ಬಿ.ಕಾಂ.ನಲ್ಲಿ ಕಲಿತ ಸಂಖ್ಯಾಶಾಸ್ತ್ರವೇ ಸಾಕು. ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳನ್ನು ಮಾತ್ರ ಹಾಗೆ ಗುಣಿಸಬಹುದು. ಒಂದೇ ಮನೆಯ ಅಣ್ಣ ತಮ್ಮ ಇಬ್ಬರೂ ಸಾಲದ ಕಂತು ಕಟ್ಟದಿದ್ದರೆ ಅವು ಸಂಬಂಧವೇ ಇಲ್ಲದ ಎರಡು ಘಟನೆ ಅಂತ ನಮ್ಮ ಬ್ಯಾಂಕಿನವರು ಯಾರೂ ಲೆಕ್ಕ ಹಾಕುವುದಿಲ್ಲ. ಒಡಹುಟ್ಟಿದ ಕೂಸುಗಳ ರಕ್ತವೂ ಒಂದೇ, ಮನೆಯೂ ಒಂದೇ ಅಲ್ಲವೇ? 2001ರಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕ ತಪ್ಪೆಂದಿತು. ಬಚ್ಚಿಟ್ಟಿದ್ದ ವೈದ್ಯಕೀಯ ವರದಿಯೊಂದು ಹೊರಬಿದ್ದ ಮೇಲೆ 2003ರಲ್ಲಿ ಬಿಡುಗಡೆ. 2007ರಲ್ಲಿ ಆಕೆ ತೀರಿಕೊಂಡರು.

ಬ್ರಿಟನ್ನಿನಲ್ಲಿ 1991ರಲ್ಲಿ ‘ಅಂಗಾತ ಮಲಗಿಸಿ’ ಎಂಬ ಪ್ರಚಾರ ಶುರುವಾಗಿ ಕೆಲವೇ ವರ್ಷಗಳಲ್ಲಿ ಇಂಥ ಸಾವುಗಳು ಅರ್ಧಕ್ಕಿಂತ ಕಡಿಮೆಯಾದವು. ನಾವೂ ಕೂಸನ್ನು ಅಂಗಾತ, ಗಟ್ಟಿ ಹಾಸಿಗೆಯ ಮೇಲೆ, ದಿಂಬಿಲ್ಲದೆ ಮಲಗಿಸೋಣ. ಹತ್ತಿರ ಬೀಡಿ, ಸಿಗರೇಟು ಬೇಡವೇ ಬೇಡ. ಇಷ್ಟಾದರೂ ಒಮ್ಮೊಮ್ಮೆ ಸಾವು ಬಂದೇ ಬರುತ್ತದೆ. ಆಗ ಆ ತಾಯಿಯ ಪಕ್ಕ ಸುಮ್ಮನೆ ಕೂರೋಣ. ಲೆಕ್ಕ ಕೇಳುವುದು ಬೇಡ.